ಟಿಕ್ ಹಾಕುವ ಮುಂಚೆ: ವೈದ್ಯಕೀಯ ಕಾನೂನು ಡಿಪ್ಲೊಮಾದ ಒಂದು ವರ್ಷ

ಮೊದಲೇ ಹೇಳಿಬಿಡುತ್ತೇನೆ. ವಿಷಯ ಚಿನ್ನ, ಕೋರ್ಸ್ ನಡೆಸಿದ ರೀತಿ ಮಾತ್ರ ಅಷ್ಟಕ್ಕಷ್ಟೆ. ವೈದ್ಯಕೀಯ ಕಾನೂನು ಮತ್ತು ನೀತಿ ಅಂತ ಒಂದು ವರ್ಷದ ಪಿಜಿ ಡಿಪ್ಲೊಮಾ, ದೂರಶಿಕ್ಷಣದಲ್ಲಿ. ಯಾವ ವಿಶ್ವವಿದ್ಯಾಲಯ ಅಂತ ಬರೆಯುವುದಿಲ್ಲ, ಬರೆದರೆ ಅದೊಂದು ಜಗಳವಾಗುತ್ತದೆ, ನನಗೆ ಜಗಳಕ್ಕೆ ಪುರುಸೊತ್ತಿಲ್ಲ. ಈ ಕೋರ್ಸಿಗೆ ಸೇರಬೇಕು ಅಂತಿರುವ ನರ್ಸ್‌ಗಳು, ಡಾಕ್ಟರುಗಳು, ಲಾಯರುಗಳು ನಮ್ಮ ಶಿವಮೊಗ್ಗ ಕಡೆಯೂ ಇದ್ದಾರೆ. ನನ್ನನ್ನೇ ಐದಾರು ಜನ ಕೇಳಿದರು. ಎಲ್ಲರಿಗೂ ಫೋನಿನಲ್ಲಿ ಅದೇ ಕಥೆ ಹೇಳಿ ಸಾಕಾಯಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನರ್ಸ್. 11 ವರ್ಷದಿಂದ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ವಿನೋಬನಗರದಲ್ಲಿ ಬಾಡಿಗೆ ಮನೆ. ಗಂಡನ ಮನೆ ರಿಪ್ಪನ್‌ಪೇಟೆ ಹತ್ತಿರದ ಹಳ್ಳಿ, ಅಲ್ಲಿ ಅತ್ತೆ ಮತ್ತು ಒಂದೂವರೆ ಎಕರೆ ಅಡಿಕೆ ತೋಟ. ಈ ವಯಸ್ಸಲ್ಲಿ ಕಾನೂನು ಓದುವ ಹುಚ್ಚು ಹತ್ತಿದ್ದು ಒಬ್ಬ ಹುಡುಗನಿಂದ. ಹೊಸನಗರ ಕಡೆಯವನು. ಅವನ ಅಪ್ಪ ನಮ್ಮ ವಾರ್ಡಿನಲ್ಲಿ ತೀರಿಕೊಂಡಿದ್ದರು. ಕಾರ್ಯವೆಲ್ಲ ಮುಗಿಸಿಕೊಂಡು ಬಂದು ಕೇಸ್ ಶೀಟಿನ, ಅಂದರೆ ಚಿಕಿತ್ಸೆಯ ದಾಖಲೆಯ, ಜೆರಾಕ್ಸ್ ಕೇಳಿದ. ಗಲಾಟೆ ಮಾಡಲು ಬಂದವನಲ್ಲ, ಅಪ್ಪನಿಗೆ ಕೊನೆಯ ಎರಡು ದಿನ ಏನಾಯಿತು ಅಂತ ತಿಳಿಯಬೇಕಿತ್ತು, ಅಷ್ಟೆ. ಆಫೀಸಿನವರು ಕೊಡಬೇಡಿ ಅಂದರು. ನಾನು ಹೊರಗೆ ಬಂದು "ಕೊಡೋಕೆ ಬರಲ್ಲಪ್ಪ, ರೂಲ್ಸ್ ಇಲ್ಲ" ಅಂದೆ. ಮೂರು ಸಲ ಬಂದ. ಜುಲೈ ತಿಂಗಳ ಮಳೆ, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಮೂರನೇ ಸಲ "ಸಿಸ್ಟರ್, ಯಾವ ರೂಲ್ಸ್ ಅದು? ಎಲ್ಲಿ ಬರೆದಿದೆ?" ಅಂದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದನ್ನೂ ಅವನಿಗೆ ಹೇಳಲಿಲ್ಲ.

ಮುಂದಿನ ವರ್ಷ, 2024ರಲ್ಲಿ, ಅರ್ಜಿ ಹಾಕಿದೆ. ಪದವಿ ಆಗಿದ್ದರೆ ಸಾಕು, ಯಾರು ಬೇಕಾದರೂ ಸೇರಬಹುದು ಅಂತಿತ್ತು. ಫೀಸು ಹತ್ತಿರಹತ್ತಿರ ನನ್ನ ಎರಡು ತಿಂಗಳ ಸಂಬಳ. ಅರ್ಜಿ ತುಂಬುವುದೇ ಒಂದು ಸಾಹಸ. ಓಟಿಪಿ ಬರುವ ಹೊತ್ತಿಗೆ ಕರೆಂಟ್ ಹೋಗುತ್ತಿತ್ತು, ಕರೆಂಟ್ ಬರುವ ಹೊತ್ತಿಗೆ ಓಟಿಪಿ ಸತ್ತಿರುತ್ತಿತ್ತು. ನಾಲ್ಕನೇ ಸಲಕ್ಕೆ ಕೊನೆಯ ಪುಟ ಮುಟ್ಟಿದೆ. ಅಲ್ಲೊಂದು ಚೌಕ, ಪಕ್ಕದಲ್ಲಿ 'ಎಲ್ಲ ನಿಯಮಗಳನ್ನು ಓದಿ ಅರ್ಥ ಮಾಡಿಕೊಂಡಿದ್ದೇನೆ' ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಟಿಕ್ ಹಾಕಿದೆ. ಓದಿರಲಿಲ್ಲ. ಯಾರಾದರೂ ಓದುತ್ತಾರಾ?

ಆ ಟಿಕ್ಕಿನ ಬೆಲೆ ಮೊದಲು ಕಟ್ಟಿದ್ದು ನನ್ನ ಜೊತೆ ಸೇರಿದ ಗೆಳತಿ. ಅವಳು ನಮ್ಮ ಆಸ್ಪತ್ರೆ ಫಾರ್ಮಸಿಯಲ್ಲಿರುವವಳು, ಆಗ ಬಸುರಿ. ಪರೀಕ್ಷೆ ನಿಮ್ಮ ಹತ್ತಿರದ ಕೇಂದ್ರದಲ್ಲೇ ಅಂತ ಫೋನಿನಲ್ಲಿ ಹೇಳಿದ್ದರು. ಹತ್ತಿರ ಅಂದರೆ ನಾವು ದಾವಣಗೆರೆಯೋ ಹುಬ್ಬಳ್ಳಿಯೋ ಅಂದುಕೊಂಡೆವು. ದುಡ್ಡು ಕಟ್ಟಿ ಮೂರು ವಾರ ಆದಮೇಲೆ ಗೊತ್ತಾಯಿತು, ಇಡೀ ಕರ್ನಾಟಕಕ್ಕೆ ಕೇಂದ್ರ ಒಂದೇ, ಅದು ಬೆಂಗಳೂರು. ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು 300 ಕಿಲೋಮೀಟರ್ ಹೋಗಿ ಬರಲಾರೆ, ಪುಸ್ತಕ ಇನ್ನೂ ಬಂದೇ ಇಲ್ಲ, ಫೀಸು ವಾಪಸ್ ಕೊಡಿ ಅಂತ ಕೇಳಿದಳು. "ನೀವೇ ಒಪ್ಪಿ ಟಿಕ್ ಮಾಡಿದ್ದೀರಲ್ಲ ಮೇಡಂ" ಅಂದಿತು ಆ ಕಡೆಯ ದನಿ. ಕಾಲು ಭಾಗವಾದರೂ ಕೊಡಿ ಅಂದಳು. ಅದಕ್ಕೂ ಟಿಕ್ಕೇ ಉತ್ತರ. ಅಲ್ಲಿಗೆ ಮುಗಿಯಿತು.

ಇದರ ತಮಾಷೆ ಏನು ಅಂದರೆ, ಅದೇ ತಿಂಗಳ ಆನ್‌ಲೈನ್ ಕ್ಲಾಸಿನ ವಿಷಯ 'ಒಪ್ಪಿಗೆ'. ಸಹಿ ಇದ್ದ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ, ಯಾವುದಕ್ಕೆ ಒಪ್ಪುತ್ತಿದ್ದೇನೆ ಅಂತ ತಿಳಿದಿರಬೇಕು ಅಂತ ಎರಡು ಗಂಟೆ ಪಾಠ ಮಾಡಿದರು. ನಾನು ಮೈಕ್ ಆಫ್ ಮಾಡಿಕೊಂಡು ಅಡಿಗೆ ಮನೆಯಲ್ಲಿ ಒಬ್ಬಳೇ ನಕ್ಕೆ.

ಪುಸ್ತಕ ಬಂದಿದ್ದು ಎರಡೂವರೆ ತಿಂಗಳಿಗೆ. ನಾಲ್ಕು ಪೇಪರ್, ನಾಲ್ಕು ದಪ್ಪ ಪುಸ್ತಕ. ಮುದ್ರಣ ಪರವಾಗಿಲ್ಲ, ಒಳಗೆ ಮಾತ್ರ ಹಳೇ ಸರಕು. ಗ್ರಾಹಕ ಹಕ್ಕಿನ ಅಧ್ಯಾಯದ ತುಂಬ 1986ರ ಕಾಯ್ದೆ. ಅದು ಹೋಗಿ 2019ರ ಹೊಸ ಕಾಯ್ದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ನಿರ್ಲಕ್ಷ್ಯದಿಂದ ಸಾವು ಅಂದರೆ ಪುಸ್ತಕದಲ್ಲಿ ಐಪಿಸಿ 304ಎ. ಹೊರಗೆ ನೋಡಿದರೆ 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಅದರಲ್ಲಿ ಇದು 106ನೇ ಕಲಂ. ಬರೀ ನಂಬರ್ ಬದಲಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಹೊಸದರಲ್ಲಿ ಮಾಮೂಲಿ ಜನರಿಗೆ ಶಿಕ್ಷೆ ಐದು ವರ್ಷದವರೆಗೆ ಏರಿದೆ, ಚಿಕಿತ್ಸೆ ಕೊಡುವಾಗ ಆದ ತಪ್ಪಿಗೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ. ಮೊದಲು ಜೈಲೋ ದಂಡವೋ ಅಂತಿತ್ತು, ಈಗ ಎರಡೂ. ಇಷ್ಟು ದೊಡ್ಡ ಬದಲಾವಣೆಗೆ ಒಂದು ಹಾಳೆ ಅಚ್ಚು ಹಾಕಿ ಪುಸ್ತಕದೊಳಗೆ ಇಡಬಾರದಿತ್ತಾ? ಕೇಳಿದ್ದಕ್ಕೆ ವೆಬ್‌ಸೈಟ್ ನೋಡಿ ಅಂದರು. ನೋಡಿದೆ. ಅಲ್ಲೂ 304ಎ.

ಆದರೂ ಎರಡನೇ ಪುಸ್ತಕದ ಮಧ್ಯೆ ಎಲ್ಲೋ ಆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ವೈದ್ಯರ ನಡವಳಿಕೆಯ ಬಗ್ಗೆ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ನಿಯಮಗಳಿವೆ. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು. ರೋಗಿಯಾಗಲಿ, ರೋಗಿ ಕಡೆಯ ಹಕ್ಕಿರುವವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ರೂಲ್ಸ್ ಇತ್ತು. ಕೊಡಬೇಕು ಅಂತಲೇ ಇತ್ತು. 2023ರಲ್ಲಿ, ಆ ಮಂಡಳಿಯ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದು ಅದೇ ತಿಂಗಳು ತಡೆಹಿಡಿಯಿತು, ಹಾಗಾಗಿ ಈಗಲೂ ಹಳೆಯದೇ ನಡೆಯುತ್ತಿದೆ. ಆ ಪುಟ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅಡ್ಮಿಷನ್ ರಿಜಿಸ್ಟರಿನಲ್ಲಿ ನಂಬರ್ ಹುಡುಕಿ ಹುಡುಗನಿಗೆ ಫೋನ್ ಮಾಡಿದೆ. ಕೊಡಬೇಕಿತ್ತಂತೆ, ನನ್ನದೇ ತಪ್ಪು, ಈಗ ಬಂದರೆ ಕೊಡಿಸುತ್ತೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಗ ಬೇಕಿತ್ತು ಸಿಸ್ಟರ್, ಈಗ ಬೇಡ ಬಿಡಿ" ಅಂದ.

ಪಾಠ ಮಾಡಿದವರ ವಿಷಯಕ್ಕೆ ಬರುತ್ತೇನೆ. ಒಬ್ಬರಂತೂ ಪರದೆ ಮೇಲಿದ್ದಿದ್ದನ್ನು ಹಾಗೇ ಓದಿ ಹೇಳುತ್ತಿದ್ದರು, ನಮಗೆ ಓದಲು ಬರುವುದಿಲ್ಲ ಅನ್ನುವ ಹಾಗೆ. ಅವರ ಕ್ಲಾಸುಗಳನ್ನು ನಾನು ದೀಪಾವಳಿ ಕಳೆದ ಮೇಲಿನ ಅಡಿಕೆ ಕೊಯ್ಲಿನ ಹೊತ್ತಲ್ಲಿ, ಗಂಡನ ಮನೆ ಜಗುಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಕೇಳಿಸಿಕೊಂಡೆ. ಅಡಿಕೆಯಾದರೂ ಮುಗಿಯಿತು. ಇನ್ನೊಬ್ಬರು ಮೊದಲು ಡಾಕ್ಟರಾಗಿದ್ದವರು, ಆಮೇಲೆ ಕಾನೂನು ಓದಿದವರು. ಅವರು ಪುಸ್ತಕ ಮುಟ್ಟುತ್ತಲೇ ಇರಲಿಲ್ಲ. ಒಂದು ಕೇಸು ಎತ್ತಿಕೊಂಡು, ತೀರ್ಪು ಹೇಳದೆ, "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ಕೊಟ್ಟ ದುಡ್ಡಿನಲ್ಲಿ ಮುಕ್ಕಾಲು ಅವರೊಬ್ಬರಿಗೇ ಸಲ್ಲಬೇಕು.

ಸಮೀರಾ ಕೊಹ್ಲಿ ಕೇಸು ಅವರು ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ. ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ತೀರ್ಪು ಕೊಟ್ಟಿದ್ದು. 44 ವರ್ಷದ ಹೆಂಗಸು, ಮದುವೆಯಾಗಿಲ್ಲ, ಮುಟ್ಟಿನ ರಕ್ತಸ್ರಾವ ನಿಲ್ಲುತ್ತಿಲ್ಲ. ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಪರೀಕ್ಷೆ, ಮಾಡಿ ನೋಡೋಣ ಅಂತ ಸಹಿ ಹಾಕಿಸಿಕೊಂಡರು. ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ ಒಳಗೆ ತೊಂದರೆ ಕಂಡಿತು. ಡಾಕ್ಟರ ಸಹಾಯಕಿ ಹೊರಗೆ ಬಂದು ವಯಸ್ಸಾದ ತಾಯಿಯಿಂದ ಒಪ್ಪಿಗೆ ತೆಗೆದುಕೊಂಡು ಒಳಗೆ ಹೋದರು. ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ಇಷ್ಟು ಹೇಳಿ ಕ್ಲಾಸಿಗೆ ಕೇಳಿದರು, ಇದು ಸರಿಯಾ? ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೈ ಎತ್ತಿದೆವು. ತಾಯಿ ಒಪ್ಪಿದ್ದಾರೆ, ಒಂದೇ ಸಲಕ್ಕೆ ಮುಗಿಯಿತು, ಎರಡನೇ ಸಲ ಕೊಯ್ಯುವುದು ತಪ್ಪಿತು, ಇದರಲ್ಲಿ ತಪ್ಪೇನು? ನಾನೂ ಕೈ ಎತ್ತಿದ್ದೆ. ವಾರ್ಡಿನಲ್ಲಿ ದಿನಾ ನೋಡುವುದೇ ಇದು.

ತಪ್ಪು ಅಂದಿತು ಕೋರ್ಟು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಜೀವಕ್ಕೋ ಆರೋಗ್ಯಕ್ಕೋ ಆ ಕ್ಷಣದಲ್ಲೇ ಅಪಾಯವಿದ್ದು, ಕಾಯುವಂತೆಯೇ ಇಲ್ಲ ಅಂದರೆ ಮಾತ್ರ ಕೇಳದೆ ಮುಂದುವರಿಯಬಹುದು. ಇಲ್ಲಿ ಅಂಥ ತುರ್ತೇನೂ ಇರಲಿಲ್ಲ. ಆಕೆ ವಯಸ್ಕಳು, ಬುದ್ಧಿ ಸರಿಯಿದೆ, ಒಂದೆರಡು ಗಂಟೆಯಲ್ಲಿ ಎಚ್ಚರವಾಗುತ್ತದೆ. ಹಾಗಿರುವಾಗ ತಾಯಿಯ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ಡಾಕ್ಟರು ಒಳ್ಳೆಯ ಮನಸ್ಸಿನಿಂದಲೇ ಮಾಡಿರಬಹುದು, ಹಾಗಂತ ಒಪ್ಪಿಗೆ ಹುಟ್ಟಿಬಿಡುವುದಿಲ್ಲ. ಕೊನೆಗೆ ಸಿಕ್ಕಿದ ಪರಿಹಾರ 25,000 ರೂಪಾಯಿ. ಒಂದು ಗರ್ಭಕೋಶಕ್ಕೆ ಇಷ್ಟೇನಾ ಅಂತ ನನ್ನ ಪಕ್ಕದಲ್ಲಿದ್ದ ಮಂಡ್ಯದ ಲಾಯರಮ್ಮ ಗೊಣಗಿದರು. ಇನ್ನೊಂದು ಮಾತನ್ನೂ ಮೇಷ್ಟ್ರು ಬಿಡಲಿಲ್ಲ. ಎಲ್ಲೋ ಲಕ್ಷಕ್ಕೊಬ್ಬರಿಗೆ ಆಗುವ ತೊಂದರೆಯನ್ನೂ ಪಟ್ಟಿ ಮಾಡಿ ಹೇಳಲೇಬೇಕು ಅನ್ನುವ ಮಟ್ಟಕ್ಕೆ ನಮ್ಮ ಕೋರ್ಟು ಹೋಗಲಿಲ್ಲ, ರೋಗಿ ಯೋಚಿಸಿ ತೀರ್ಮಾನ ಮಾಡಲು ಸಾಕಾಗುವಷ್ಟು ಹೇಳಿ ಅಂತ ನಿಲ್ಲಿಸಿತು. ಬ್ರಿಟನ್ನಿನಲ್ಲಿ 2015ರ ಮಾಂಟ್ಗೊಮರಿ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆ ರೋಗಿಯ ಜಾಗದಲ್ಲಿರುವವರಿಗೆ ಯಾವ ಅಪಾಯ ಮುಖ್ಯ ಅನಿಸುತ್ತದೋ ಅದನ್ನು ಹೇಳಲೇಬೇಕು ಅಂತ.

ಈ ಪಾಠ ಮುಗಿಸಿಕೊಂಡು ಸೋಮವಾರ ಡ್ಯೂಟಿಗೆ ಹೋದರೆ ನನ್ನ ಟೇಬಲ್ ಮೇಲೆ ಏನಿದೆ? ಒಪ್ಪಿಗೆ ಫಾರಂಗಳ ಕಟ್ಟು. ಇಂಗ್ಲಿಷಿನಲ್ಲಿ. ಆಪರೇಷನ್ ಹೆಸರು ಬರೆಯುವ ಜಾಗ ಖಾಲಿ. ಅಡ್ಮಿಷನ್ ಆಗುವಾಗಲೇ ನಾಲ್ಕು ಕಡೆ ಸಹಿ ಹಾಕಿಸಿಬಿಡುವುದು, ಆಮೇಲೆ ತುಂಬಿಕೊಂಡರಾಯಿತು. ಹೆಂಡತಿಯ ಆಪರೇಷನ್ನಿಗೆ ಗಂಡ, ಅಜ್ಜಿಯ ಆಪರೇಷನ್ನಿಗೆ ಮೊಮ್ಮಗ. ಅಜ್ಜಿ ಗಟ್ಟಿಮುಟ್ಟಾಗಿ ಮಾತಾಡುತ್ತಾ ಎಲೆ ಅಡಿಕೆ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ. ಹೆಬ್ಬೆಟ್ಟಾದರೆ ಇನ್ನೂ ಸುಲಭ, ಬೆರಳು ಹಿಡಿದು ಒತ್ತಿಸಿದರಾಯಿತು. ಇದನ್ನೆಲ್ಲ 11 ವರ್ಷ ಮಾಡಿಸಿದವಳು ನಾನೇ. "ಇಲ್ಲೊಂದು ಸೈನ್ ಹಾಕಿ, ಸುಮ್ನೆ ಫಾರ್ಮಾಲಿಟಿ" ಅನ್ನುವ ಮಾತು ನನ್ನ ಬಾಯಲ್ಲಿ ಎಷ್ಟು ಸಲ ಬಂದಿದೆಯೋ ದೇವರಿಗೇ ಗೊತ್ತು. ಫಾರ್ಮಸಿ ಗೆಳತಿಗೆ ಫೋನಿನಲ್ಲಿ ಉತ್ತರ ಕೊಟ್ಟ ಆ ದನಿಗೂ ನನಗೂ ಏನು ವ್ಯತ್ಯಾಸ?

ಈಗ ನಾನೇ ಕೂತು ಐದು ಆಪರೇಷನ್ನಿಗೆ ಕನ್ನಡದಲ್ಲಿ ಫಾರಂ ಮಾಡಿದ್ದೇನೆ. ಕಾನೂನು ಪುಸ್ತಕದ ಕನ್ನಡ ಅಲ್ಲ, ಮಾತಾಡುವ ಕನ್ನಡ. ನಮ್ಮ ಸರ್ಜನ್ ಸಾರ್ ಮೊದಲು "ಇಷ್ಟೆಲ್ಲ ಹೇಳಿದರೆ ಪೇಷಂಟ್ ಹೆದರಿ ಓಡಿಹೋಗ್ತಾರಲ್ರೀ ಸಿಸ್ಟರ್" ಅಂದರು. ಒಬ್ಬರು ನಿಜವಾಗಿಯೂ ಎದ್ದು ಹೋದರು. ಮಣಿಪಾಲಕ್ಕೆ ಹೋಗಿ ಇನ್ನೊಂದು ಸಲ ಕೇಳಿಕೊಂಡು ಬಂದು ಇಲ್ಲೇ ಮಾಡಿಸಿಕೊಂಡರು. ಸಾರ್ ಅದಾದ ಮೇಲೆ ಏನೂ ಹೇಳಿಲ್ಲ.

ಉಳಿದ ಕೇಸುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಡಾಕ್ಟರುಗಳಿಗೆ ಇಷ್ಟವಾಗುವುದು 2005ರ ಜೇಕಬ್ ಮ್ಯಾಥ್ಯೂ ತೀರ್ಪು. ಉಸಿರಾಟದ ತೊಂದರೆಯ ರೋಗಿ, ತಂದಿಟ್ಟ ಆಕ್ಸಿಜನ್ ಸಿಲಿಂಡರ್ ಖಾಲಿ, ಇನ್ನೊಂದು ತರುವಷ್ಟರಲ್ಲಿ ಜೀವ ಹೋಗಿತ್ತು. ಕ್ರಿಮಿನಲ್ ಕೇಸಿಗೆ ಬರೀ ತಪ್ಪು ಸಾಲದು, ತೀರಾ ಘೋರ ನಿರ್ಲಕ್ಷ್ಯ ಇರಬೇಕು, ಇನ್ನೊಬ್ಬ ತಿಳಿದ ವೈದ್ಯರ ಅಭಿಪ್ರಾಯ ಬೇಕು, ಸುಮ್ಮನೆ ಹೋಗಿ ಡಾಕ್ಟರನ್ನು ಅರೆಸ್ಟ್ ಮಾಡಬಾರದು ಅಂತ ಕೋರ್ಟು ಹೇಳಿತು. ರೋಗಿ ಕಡೆಯವರಿಗೆ ಕೆಲಸಕ್ಕೆ ಬರುವುದು 1995ರ ವಿ.ಪಿ. ಶಾಂತಾ ತೀರ್ಪು, ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬಂದಿದ್ದೇ ಅದರಿಂದ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಕಡೆ ಅದು ನಡೆಯುವುದಿಲ್ಲ. ದೂರು ಕೊಡಲು ಎರಡು ವರ್ಷ ಅವಕಾಶ, ಇದು ನೆನಪಿರಲಿ, ಎಷ್ಟೋ ಜನ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ.

ನಮ್ಮ ಕಡೆ ಎಲ್ಲರಿಗೂ ಗೊತ್ತಿರಬೇಕಾದ್ದು 1989ರ ಪರಮಾನಂದ ಕಟಾರಾ ಕೇಸು. ಸ್ಕೂಟರಿನವನಿಗೆ ಕಾರು ಗುದ್ದಿತ್ತು, ಆಸ್ಪತ್ರೆಗೆ ಕರೆದುಕೊಂಡು ಹೋದರೆ ಇದು ಪೊಲೀಸ್ ಕೇಸು, ನಾವು ನೋಡುವುದಿಲ್ಲ, 20 ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಹೋಗಿ ಅಂದರು. ದಾರಿಯಲ್ಲೇ ಸತ್ತ. ಮೊದಲು ಜೀವ ಉಳಿಸಿ, ಪೊಲೀಸು ಆಮೇಲೆ, ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ವೈದ್ಯರಿಗೂ ಇದು ಕರ್ತವ್ಯ ಅಂತ ಸುಪ್ರೀಂ ಕೋರ್ಟು ಹೇಳಿತು. ಆಗುಂಬೆ ಘಾಟಿ, ಹುಲಿಕಲ್ ಘಾಟಿ ಇರುವ ಊರಿನವರು ನಾವು. ಮಳೆಗಾಲದಲ್ಲಿ ತಿರುವಿನಲ್ಲಿ ಬಿದ್ದವರನ್ನು ಕಂಡೂ ಕಾರು ನಿಲ್ಲಿಸದೆ ಹೋಗುವವರು ಹೇಳುವುದು ಒಂದೇ, ಆಮೇಲೆ ಸ್ಟೇಷನ್ನಿಗೆ ಅಲೆದಾಡುವುದು ಯಾರು? ಹಾಗೆ ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅಂತ ಕರ್ನಾಟಕದಲ್ಲಿ 2016ರ ಕಾಯ್ದೆಯೇ ಇದೆ. ಇದನ್ನು ಡಿಪ್ಲೊಮಾ ಮಾಡಿ ತಿಳಿಯಬೇಕಾಗಿ ಬಂತಲ್ಲ ಅಂತ ಬೇಜಾರಾಯಿತು, ಹೈಸ್ಕೂಲಿನಲ್ಲೇ ಹೇಳಿಕೊಡಬಹುದು.

ನೇರ ತರಗತಿ ಎರಡು ಸಲ, ಎರಡೂ ಬೆಂಗಳೂರಿನಲ್ಲಿ. ದಿನಾಂಕ ಗೊತ್ತಾಗುವುದು ಹತ್ತು ದಿನ ಮುಂಚೆ. ಆಸ್ಪತ್ರೆಯಲ್ಲಿ ಡ್ಯೂಟಿ ಬದಲು ಮಾಡಿಕೊಳ್ಳಲು ನಾನು ಎಷ್ಟು ಜನರ ಕಾಲು ಹಿಡಿದೆ ಅಂತ ನನಗೇ ಗೊತ್ತು. ಬೆಳಗಿನ ಜಾವದ ಜನಶತಾಬ್ದಿ ಹಿಡಿದು ಹೋಗುವುದು, ರಾತ್ರಿ ಪರಿಚಯದವರ ಮನೆ. ಎರಡನೇ ತರಗತಿ 2025ರ ಫೆಬ್ರುವರಿಯಲ್ಲಿ ಇತ್ತು, ವಿಷಯ ಘನತೆಯಿಂದ ಸಾಯುವ ಹಕ್ಕು. ಅದಕ್ಕೆ ಸ್ವಲ್ಪ ದಿನ ಮುಂಚೆಯಷ್ಟೇ, ಜನವರಿ ಕೊನೆಗೆ, ಕರ್ನಾಟಕ ಸರ್ಕಾರ ಇದರ ಬಗ್ಗೆ ಸುತ್ತೋಲೆ ಹೊರಡಿಸಿತ್ತು, ಹಾಗಾಗಿ ಎಲ್ಲರ ಬಾಯಲ್ಲೂ ಅದೇ ಮಾತು.

ಮೇಷ್ಟ್ರು ಅರುಣಾ ಶಾನಭಾಗ್ ಕಥೆ ಶುರು ಮಾಡಿದರು. ಮುಂಬೈ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸದವನೊಬ್ಬ ನಾಯಿ ಕಟ್ಟುವ ಚೈನು ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ಹೋಗದೆ ಹಾಸಿಗೆ ಹಿಡಿದವರು ಏಳಲೇ ಇಲ್ಲ. ನಾನು ಕೈ ಎತ್ತಿ, ಸಾರ್, ಅವರು ನಮ್ಮ ಕಡೆಯವರು ಅಂದೆ. ಹೊನ್ನಾವರದ ಹತ್ತಿರ ಹಳದೀಪುರ. ಸಾಗರ ದಾಟಿ ಗೇರುಸೊಪ್ಪ ಘಾಟಿ ಇಳಿದರೆ ಹೊನ್ನಾವರ, ಅಲ್ಲಿಂದ ಹಳದೀಪುರಕ್ಕೆ ಎಷ್ಟು ಹೊತ್ತೂ ಬೇಡ. ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಪುಸ್ತಕದಲ್ಲೂ ಇಲ್ಲ. ಅಲ್ಲಿಯವರೆಗೆ ಕೇಸಿನ ಹೆಸರಾಗಿದ್ದವರು ನಮ್ಮ ಪಕ್ಕದೂರಿನಿಂದ ಟ್ರಂಕು ಹಿಡಿದು ಮುಂಬೈಗೆ ಹೋದ ಹುಡುಗಿಯಾಗಿಬಿಟ್ಟರು.

ಆಮೇಲೆ ವಾದ ಜೋರಾಯಿತು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಲು ಬಿಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಅರ್ಜಿ ಹಾಕಿದ್ದರು. ಆಸ್ಪತ್ರೆಯ ನರ್ಸ್‌ಗಳು ಬೇಡ, ನಾವು ನೋಡಿಕೊಳ್ಳುತ್ತೇವೆ ಅಂದರು. 2011ರ ಮಾರ್ಚ್ 7ರಂದು ಕೋರ್ಟು ಅರ್ಜಿ ತಿರಸ್ಕರಿಸಿತು, ಆದರೆ ಹೈಕೋರ್ಟಿನ ಅನುಮತಿ ಪಡೆದು ಚಿಕಿತ್ಸೆ ನಿಲ್ಲಿಸಬಹುದು ಅನ್ನುವ ದಾರಿಯನ್ನು ಅದೇ ತೀರ್ಪಿನಲ್ಲಿ ತೆರೆಯಿತು. ಅರುಣಾ ತೀರಿಕೊಂಡಿದ್ದು 2015ರ ಮೇ 18ರಂದು, ನ್ಯುಮೋನಿಯಾ ಆಗಿ. 41 ವರ್ಷ ಮೀರಿ ಒಂದೇ ಹಾಸಿಗೆ. ಕ್ಲಾಸಿನ ಲಾಯರುಗಳಿಗೆ ಇದು ಸ್ವಾತಂತ್ರ್ಯದ ಪ್ರಶ್ನೆ. ನನಗೆ ಕಣ್ಣಿಗೆ ಕಟ್ಟಿದ್ದು ಬೇರೆಯೇ. ಅಷ್ಟು ವರ್ಷ ಮಲಗಿದ ರೋಗಿಗೆ ಬೆನ್ನಹುಣ್ಣಿನ ಕಾಟ ಇರಲಿಲ್ಲ ಅಂತ ದಾಖಲೆಯಲ್ಲಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಎಂಥ ಕೆಲಸ ಅಂತ ನರ್ಸ್ ಆದವರಿಗೇ ಗೊತ್ತು. ಯಾರು ಸರಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ, ಇವತ್ತೂ ಬರುವುದಿಲ್ಲ.

2018ರ ಮಾರ್ಚ್ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮುಂಚೆಯೇ ಬರೆದಿಡುವ ಇಚ್ಛೆಪತ್ರವನ್ನು ಒಪ್ಪಿತು. ವಾಸಿಯಾಗದ ಸ್ಥಿತಿ ಬಂದರೆ ಮೆಷಿನ್ನಿಗೆ ಹಾಕಬೇಡಿ ಅಂತ ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬಹುದು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಲ್ಲಿ ಸಡಿಲ ಮಾಡಿದರು, ಈಗ ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಹಾಗಂತ ಕಾಗದ ತೋರಿಸಿದ ಕೂಡಲೇ ಯಾರೂ ಮೆಷಿನ್ ಆಫ್ ಮಾಡುವುದಿಲ್ಲ. ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ನೋಡಬೇಕು, ಅದರ ಮೇಲೆ ಇನ್ನೊಂದು ಮಂಡಳಿ ನೋಡಬೇಕು, ಪತ್ರದಲ್ಲಿ ಹೆಸರಿಸಿದವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಊರಿಗೆ ಹೋದಾಗ ಅತ್ತೆಗೆ ಇದನ್ನು ಹೇಳೋಣ ಅನಿಸಿತು. ಅವರಿಗೆ 78. ಕಟ್ಟಿಗೆ ಒಲೆ ಮುಂದೆ ಕೂತು ಕೊಟ್ಟೆ ಕಡುಬು ಬೇಯಿಸುತ್ತಿದ್ದರು. "ಅತ್ತೆ, ಮುಂಚೆನೇ ಬರೆದಿಡಬಹುದಂತೆ" ಅಂತ ಶುರು ಮಾಡಿದೆನೋ ಇಲ್ಲವೋ, ಅವರ ಮುಖ ಬಿಗಿಯಾಯಿತು. ಪೂರ್ತಿ ಹೇಳಿದ ಮೇಲೆ ನಕ್ಕರು. "ಅಯ್ಯೋ ಮಾರಾಯ್ತಿ, ತೋಟ ಬರ್ಕೊಡು ಅಂತಿದೀಯ ಅಂದ್ಕೊಂಡೆ." ಆಮೇಲೆ ಸೌದೆ ಒಳಗೆ ತಳ್ಳುತ್ತಾ, ನಿಮ್ಮ ಮಾವನಿಗೆ ಕೊನೇ ವಾರ ಗಂಟಲಿಗೆ ಪೈಪು ಹಾಕಿದ್ದರು, ಏನೋ ಹೇಳಬೇಕು ಅಂತ ಒದ್ದಾಡಿದರು, ಆಗಲಿಲ್ಲ, ನನಗೆ ಅದು ಬೇಡ ಅಂದರು. ಇಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಲ್ಲಿ ಬಂದಿದ್ದು ಅದೇ ಮೊದಲು. ಕಾಗದ ಇನ್ನೂ ಆಗಿಲ್ಲ. ಮಗನಿಗೆ, ಅಂದರೆ ನನ್ನ ಗಂಡನಿಗೆ, ಆ ಮಾತೆತ್ತಿದರೇ ಆಗುವುದಿಲ್ಲ.

ನನಗೆ ತುಂಬಾ ಕೋಪ ಬಂದಿದ್ದು ಸಂಶೋಧನಾ ನೀತಿಯ ಪೇಪರಿನಲ್ಲಿ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಹಾಕಿದ ನೀತಿ ನಿಯಮಗಳಾದ ನ್ಯೂರೆಂಬರ್ಗ್ 1947, ಹೆಲ್ಸಿಂಕಿ 1964, ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 40 ವರ್ಷ ಕಪ್ಪು ಜನರ ಸಿಫಿಲಿಸ್ ರೋಗಕ್ಕೆ ಔಷಧಿ ಕೊಡದೆ ಸುಮ್ಮನೆ ನೋಡುತ್ತಾ ಕೂತಿದ್ದು, ಎಲ್ಲ ಇದೆ. ಓದಲೇಬೇಕಾದದ್ದೇ. ಆದರೆ ಸಾಗರದ ಹತ್ತಿರದ ಹಂದಿಗೋಡು ಇಲ್ಲ. 1970ರ ದಶಕದಲ್ಲಿ ಅಲ್ಲಿ ಸೊಂಟ ಮತ್ತು ಕೀಲು ಹಿಡಿದು ಜನ ನಡೆಯಲಾರದೆ ಹೋದರು. ಮೊದಲು ಗದ್ದೆ ಏಡಿ ತಿಂದಿದ್ದಕ್ಕೆ, ಏಡಿಗೆ ಕೀಟನಾಶಕ ಸೇರಿದ್ದಕ್ಕೆ ಅಂದರು. ಆಮೇಲೆ ವಂಶದಲ್ಲಿ ಬರುವ ಕಾಯಿಲೆ ಅಂತಾಯಿತು. ತಂಡದ ಮೇಲೆ ತಂಡ ಬಂದು ರಕ್ತ ತೆಗೆದುಕೊಂಡು ಎಕ್ಸ್‌ರೇ ಮಾಡಿಕೊಂಡು ಹೋದರು. ಕೀಲು ನೋವು ಅವರಿಗೇ ಉಳಿಯಿತು. ಮಂಗನ ಕಾಯಿಲೆಯೂ ಪುಸ್ತಕದಲ್ಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ, ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಕ್ಯಾಸನೂರಿನ ಹೆಸರಿದೆ. 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು. ವರ್ಷಾನುಗಟ್ಟಲೆ ಹಳ್ಳಿ ಹಳ್ಳಿಯಲ್ಲಿ ಹಾಕಿದ ಲಸಿಕೆಯನ್ನು ಪರಿಣಾಮ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಸೂಜಿ ಚುಚ್ಚುವಾಗ ಇದು ಎಷ್ಟು ಕಾಪಾಡುತ್ತದೆ, ಎಷ್ಟು ಇಲ್ಲ ಅಂತ ಜನಕ್ಕೆ ಹೇಳಬೇಕಿತ್ತಲ್ವಾ? ಹೇಳಿದ್ದರೆ ಕಾಡಿಗೆ ಹೋಗುವಾಗ ಈ ರೋಗ ಹರಡುವ ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡುತ್ತಿರಲಿಲ್ಲವೇನೋ.

ನನ್ನ ಪ್ರಾಜೆಕ್ಟ್ ಇದರ ಮೇಲೇ ಮಾಡಿದೆ. ಗೈಡ್ ಮೊದಲು "ರಾಷ್ಟ್ರ ಮಟ್ಟದ ವಿಷಯ ತಗೊಳ್ಳಿ" ಅಂದರು. ಇದು ಯಾವ ರಾಷ್ಟ್ರದ್ದು ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ, ಪಾಸಾಗಬೇಕಿತ್ತು. ಆದರೆ ವಿಷಯ ಬಿಡಲಿಲ್ಲ. 60 ಪುಟ, ಮೂರು ತಿಂಗಳ ರಾತ್ರಿಗಳು. ವಾಪಸ್ ಬಂದಿದ್ದು ಒಂದು ಅಂಕ, ಅಷ್ಟೆ. ಒಂದು ಸಾಲು ಅಭಿಪ್ರಾಯ ಇಲ್ಲ, ಓದಿದ್ದಾರೋ ತೂಕ ಹಾಕಿದ್ದಾರೋ ಗೊತ್ತಿಲ್ಲ. ಅಂಕ ಚೆನ್ನಾಗಿಯೇ ಇತ್ತು ಅನ್ನಿ, ಅದರಿಂದ ಸಿಟ್ಟು ಕಮ್ಮಿಯಾಗಲಿಲ್ಲ.

ಪರೀಕ್ಷೆ ಮೂರು ಗಂಟೆ, ಕೈಯಲ್ಲಿ ಬರೆಯುವುದು, ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಬರೆಯಬಹುದಾ ಅಂತ ಕೇಳಿದ್ದಕ್ಕೆ ನಕ್ಕರು. ಬಾಯಿಪಾಠಕ್ಕಿಂತ ಕಥೆ ಕೊಟ್ಟು ಕೇಳುವ ಪ್ರಶ್ನೆ ಜಾಸ್ತಿ, ಅದು ಒಳ್ಳೆಯದೇ. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಅಂಥವು ಸುಲಭ, ಕಲಂ ನಂಬರ್ ನೆನಪಿಡುವುದು ಲಾಯರುಗಳಿಗೆ ಸುಲಭ, ಊಟದ ಹೊತ್ತಲ್ಲಿ ನಾವು ಕೊಟ್ಟು ತೆಗೆದುಕೊಂಡೆವು. ಸರ್ಟಿಫಿಕೇಟ್ ಇನ್ನೂ ಬಂದಿಲ್ಲ, 'ಪ್ರಕ್ರಿಯೆಯಲ್ಲಿದೆ'.

ವಿಷಯಕ್ಕೆ ಐದಕ್ಕೆ ಐದು, ಆ ಒಬ್ಬ ಮೇಷ್ಟ್ರಿಗೆ ಐದು, ಪುಸ್ತಕಕ್ಕೆ ಎರಡು, ಆಫೀಸಿಗೆ ಒಂದು ಕೊಡುವುದೂ ಜಾಸ್ತಿಯೇ. ಇದರಿಂದ ಸಂಬಳ ಏರುತ್ತದೆ ಅಂತ ಸೇರಬೇಡಿ, ನನಗೆ ಒಂದು ರೂಪಾಯಿ ಏರಿಲ್ಲ. ಲಾಯರಾಗಿಯೂ ವಾದ ಮಾಡಲು ಬರುವುದಿಲ್ಲ, ಅದಕ್ಕೆ ಎಲ್‌ಎಲ್‌ಬಿಯೇ ಬೇಕು. ಸೇರುವುದೇ ಆದರೆ ದುಡ್ಡು ಕಟ್ಟುವ ಮುಂಚೆ ಪರೀಕ್ಷೆ ಯಾವ ಊರಿನಲ್ಲಿ, ನೇರ ತರಗತಿಯ ದಿನಾಂಕ ಯಾವಾಗ ಹೇಳುತ್ತಾರೆ, ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ, ಪುಸ್ತಕದಲ್ಲಿ ನ್ಯಾಯ ಸಂಹಿತೆ ಇದೆಯಾ ಐಪಿಸಿಯೇ ಇದೆಯಾ ಅಂತ ಮೇಲ್ ಹಾಕಿ ಕೇಳಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಯಿತು ಅಂತಲೇ ಲೆಕ್ಕ.

ಕೇಸ್ ಶೀಟ್ ಕೇಳಿದರೆ ಈಗ ನಮ್ಮಲ್ಲಿ ಕೊಡುತ್ತಾರೆ. ಅದಕ್ಕೊಂದು ರಿಜಿಸ್ಟರ್ ಇಟ್ಟಿದ್ದೇವೆ, ಕೇಳಿದ ಗಂಟೆ, ಕೊಟ್ಟ ಗಂಟೆ ಎರಡೂ ಬರೆಯಬೇಕು. ಆಫೀಸಿನವರಿಗೆ ನನ್ನ ಮೇಲೆ ಸ್ವಲ್ಪ ಮುನಿಸು.

ನನ್ನ ನಾಲ್ಕು ಪುಸ್ತಕ ಮತ್ತು ಕೈಬರಹದ ನೋಟ್ಸ್ ಯಾರಿಗಾದರೂ ಬೇಕಿದ್ದರೆ ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಕಲಂ ನಂಬರುಗಳನ್ನೆಲ್ಲ ಪೆನ್ನಿನಲ್ಲಿ ತಿದ್ದಿದ್ದೇನೆ. ಮೂರನೇ ಪುಸ್ತಕದ ಕೊನೆಯ ಭಾಗ ಮಾತ್ರ ಮಳೆಗಾಲದಲ್ಲಿ ಬೂಸ್ಟು ಹಿಡಿದು ಹಾಳೆಗಳು ಅಂಟಿಕೊಂಡಿವೆ, ಇದನ್ನು ಈಗಲೇ ಹೇಳಿದ್ದೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ.